ಯಾವ ಸಾಲು ಒಳಗೆ, ಯಾವ ಸಾಲು ಹೊರಗೆ

2011ರ ಜನಗಣತಿಯ ಪ್ರಕಾರ ಭಾರತದ ಜನಸಂಖ್ಯೆ 726 ಕೋಟಿ. ನಂಬಿಕೆ ಬಾರದಿದ್ದರೆ ನೀವೇ ಕೂಡಿಸಿ ನೋಡಬಹುದು. ಜನಗಣತಿ ಇಲಾಖೆ ಪ್ರಕಟಿಸಿರುವ ‘ಪ್ರೈಮರಿ ಸೆನ್ಸಸ್ ಅಬ್‌ಸ್ಟ್ರ್ಯಾಕ್ಟ್’ ಎಂಬ ಎಕ್ಸೆಲ್ ಫೈಲಿನಲ್ಲಿ ದೇಶ, ರಾಜ್ಯ, ಜಿಲ್ಲೆಗಳ ಅಂಕಿಗಳೆಲ್ಲ ಒಂದೇ ಶೀಟಿನಲ್ಲಿವೆ. ಅದನ್ನು ಆರ್, ಪಾಂಡಾಸ್, ಸ್ಟೇಟಾ, ಎಸ್‌ಪಿಎಸ್‌ಎಸ್ ಹೀಗೆ ಯಾವುದಾದರೊಂದು ವಿಶ್ಲೇಷಣಾ ತಂತ್ರಾಂಶಕ್ಕೆ ಇಡಿಯಾಗಿ ಸುರಿದು, ಒಟ್ಟು ಜನಸಂಖ್ಯೆಯ ಕಾಲಂ ಕೂಡಿಸಿ. ಉತ್ತರ ಹೆಚ್ಚುಕಡಿಮೆ ಅಷ್ಟೇ ಬರುತ್ತದೆ. ಅದೇ ವರ್ಷದ ಅಕ್ಟೋಬರ್ ಕೊನೆಗೆ ಇಡೀ ಭೂಮಿಯ ಜನಸಂಖ್ಯೆ 700 ಕೋಟಿ ಮುಟ್ಟಿತೆಂದು ವಿಶ್ವಸಂಸ್ಥೆ ಘೋಷಿಸಿತ್ತು!

ಕೂಡಿಸಿದ್ದರಲ್ಲಿ ತಪ್ಪಿಲ್ಲ. ಫೈಲಿನಲ್ಲೂ ತಪ್ಪಿಲ್ಲ. ಕೊಡಗಿನ ಹಳ್ಳಿಯೊಂದರಲ್ಲಿ ಎಣಿಸಿದ ಒಬ್ಬರೇ ವ್ಯಕ್ತಿ ಆ ಶೀಟಿನಲ್ಲಿ ಆರು ಕಡೆ ಇದ್ದಾರೆ, ಅಷ್ಟೇ. ಕೊಡಗಿನ ಒಟ್ಟು ಸಾಲಿನಲ್ಲಿ ಒಮ್ಮೆ, ಕೊಡಗಿನ ಗ್ರಾಮೀಣ ಸಾಲಿನಲ್ಲಿ ಇನ್ನೊಮ್ಮೆ. ಕರ್ನಾಟಕದ ಒಟ್ಟು ಮತ್ತು ಗ್ರಾಮೀಣ ಸಾಲುಗಳಲ್ಲಿ ಎರಡು ಸಲ, ಭಾರತದ ಸಾಲುಗಳಲ್ಲಿ ಮತ್ತೆರಡು ಸಲ. ದೇಶ ಒಂದು, ಆಗಿನ ರಾಜ್ಯ ಹಾಗೂ ಕೇಂದ್ರಾಡಳಿತ ಪ್ರದೇಶಗಳು 35, ಜಿಲ್ಲೆಗಳು 640. ಪ್ರತಿಯೊಂದಕ್ಕೂ ಒಟ್ಟು, ಗ್ರಾಮೀಣ, ನಗರ ಎಂದು ಮೂರು ಮೂರು ಸಾಲು. ಓದುವ ಕಣ್ಣಿಗೆ ಇದು ಅನುಕೂಲ, ಏಕೆಂದರೆ ಏನು ಹುಡುಕಿದರೂ ಪಕ್ಕದಲ್ಲೇ ಸಿಗುತ್ತದೆ. ಕೂಡಿಸುವ ಯಂತ್ರಕ್ಕೆ ಮಾತ್ರ ಎಲ್ಲ ಸಾಲೂ ಒಂದೇ.

ಕರ್ನಾಟಕವೊಂದನ್ನೇ ತೆಗೆದುಕೊಳ್ಳೋಣ. ರಾಜ್ಯದ ಕೋಡ್ 29. ಆ ಕೋಡ್ ಇರುವ ಸಾಲುಗಳನ್ನೆಲ್ಲ ಆರಿಸಿ ಕೂಡಿಸಿದರೆ 24,43,81,188 ಬರುತ್ತದೆ. ಇದು ನಿಜ ಸಂಖ್ಯೆಯ ಸರಿಯಾಗಿ ನಾಲ್ಕು ಪಟ್ಟು. ಇನ್ನೆರಡು ಷರತ್ತು ಬೇಕು: ‘ಲೆವೆಲ್’ ಎಂಬ ಕಾಲಂನಲ್ಲಿ ‘ಡಿಸ್ಟ್ರಿಕ್ಟ್’ ಎಂದಿರಬೇಕು, ಒಟ್ಟು-ಗ್ರಾಮೀಣ-ನಗರ ಸೂಚಿಸುವ ಕಾಲಂನಲ್ಲಿ ‘ಟೋಟಲ್’ ಎಂದಿರಬೇಕು. ಆಗ ಉಳಿಯುವುದು 30 ಸಾಲು, ಮೊತ್ತ 6,10,95,297. ನಾವು ಹೊರಗೆ ಬಿಟ್ಟ ರಾಜ್ಯದ ಸಾಲಿನಲ್ಲಿರುವ ಸಂಖ್ಯೆಯೂ ಇದೇ. ಗ್ರಾಮೀಣ 3,74,69,335, ನಗರ 2,36,25,962 ಕೂಡಿಸಿದರೂ ಅದೇ. ಲೆಕ್ಕಕ್ಕೆ ಬೇಡವಾದ ಸಾಲು ತಾಳೆ ನೋಡುವುದಕ್ಕೆ ಬೇಕಾಗುತ್ತದೆ. ಹಾಗಾಗಿ ಮೂಲ ಫೈಲಿನಲ್ಲಿ ಸಾಲುಗಳನ್ನು ಅಳಿಸಿ ‘ಸ್ವಚ್ಛ’ ಮಾಡುವ ಅಭ್ಯಾಸ ನನಗೆ ಒಪ್ಪಿಗೆಯಿಲ್ಲ. ಅಳಿಸಿದ ಸಾಲು ಯಾವುದೆಂದು ಆರು ತಿಂಗಳಾದ ಮೇಲೆ ಅಳಿಸಿದವರಿಗೂ ನೆನಪಿರುವುದಿಲ್ಲ. ಮೂಲ ಫೈಲನ್ನು ಇದ್ದ ಹಾಗೆಯೇ ಬಿಟ್ಟು, ಏನನ್ನು ತರಬೇಕು, ಏನನ್ನು ಬಿಡಬೇಕು ಎಂಬುದನ್ನು ಒಳಗೆ ತಂದು ಆರಿಸುವ ಆಜ್ಞೆಗಳಲ್ಲೇ ಬರೆದಿಟ್ಟರೆ ಆ ಆಯ್ಕೆಯನ್ನು ಬೇರೆಯವರೂ ಓದಿ ಪ್ರಶ್ನಿಸಬಹುದು.

ಸ್ಪ್ರೆಡ್‌ಶೀಟ್ ಹುಟ್ಟಿದ್ದೇ ಕಣ್ಣಿಗಾಗಿ. 1979ರಲ್ಲಿ ಡ್ಯಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ ಆ್ಯಪಲ್-2 ಕಂಪ್ಯೂಟರಿಗೆ ವಿಸಿಕ್ಯಾಲ್ಕ್ ತಂದಾಗ ಅವರ ಮುಂದಿದ್ದ ಮಾದರಿ ಅಕೌಂಟೆಂಟರ ದೊಡ್ಡ ಲೆಕ್ಕದ ಹಾಳೆ. ಆ ಹಾಳೆಯ ಮೇಲ್ಭಾಗದಲ್ಲಿ ಶೀರ್ಷಿಕೆ, ಕೆಳಗೆ ಮೊತ್ತ, ಪಕ್ಕದಲ್ಲಿ ಷರಾ ಇರುತ್ತಿದ್ದವು. 1985ರಲ್ಲಿ ಮೊದಲು ಮ್ಯಾಕಿಂಟೋಶ್‌ಗೆ ಬಂದ ಎಕ್ಸೆಲ್ ಸಹ ಅದೇ ವಂಶದ್ದು. ವಿಶ್ಲೇಷಣಾ ತಂತ್ರಾಂಶದ ಮನೆತನ ಬೇರೆ. ಅದಕ್ಕೆ ಒಂದು ಸಾಲೆಂದರೆ ಒಂದು ಜಿಲ್ಲೆ ಅಥವಾ ಒಬ್ಬ ರೋಗಿ, ಒಂದು ಕಾಲಂ ಎಂದರೆ ಒಂದೇ ಬಗೆಯ ಅಳತೆ. ಶೀರ್ಷಿಕೆ, ಖಾಲಿ ಸಾಲು, ‘ಮೂಲ: ಇಲಾಖೆಯ ದಾಖಲೆ’ ಎಂಬ ಅಡಿಟಿಪ್ಪಣಿ ಇವೆಲ್ಲ ಅದಕ್ಕೆ ಅರ್ಥವಾಗದ ಮಾತು.

ಹಾಗಾಗಿ ಈ ತಂತ್ರಾಂಶಗಳೆಲ್ಲ ಶೀಟನ್ನು ಓದುವ ಮೊದಲು ಕೆಲವು ಪ್ರಶ್ನೆಗಳಿಗೆ ಉತ್ತರ ಕೊಡಲು ಅವಕಾಶ ಇಟ್ಟಿವೆ. ಯಾವ ಶೀಟ್? ಎಲ್ಲಿಂದ ಎಲ್ಲಿಯವರೆಗೆ? ಯಾವ ಕಾಲಂಗಳು? ಸ್ಟೇಟಾ, ಎಸ್‌ಪಿಎಸ್‌ಎಸ್‌ಗಳಲ್ಲಿ ಇದಕ್ಕೆ ‘ಸೆಲ್‌ರೇಂಜ್’ ಎನ್ನುತ್ತಾರೆ, ಸ್ಯಾಸ್‌ನಲ್ಲಿ ಮತ್ತು ಆರ್ ಭಾಷೆಯ ‘ರೀಡ್‌ಎಕ್ಸ್‌ಎಲ್’ನಲ್ಲಿ ಬರೀ ‘ರೇಂಜ್’. ಬಿ3ರಿಂದ ಡಿ87 ಎಂದು ಹೇಳಿದರೆ ಆ ಚೌಕಟ್ಟಿನ ಆಚೆ ಏನಿದ್ದರೂ ಒಳಗೆ ಬರುವುದಿಲ್ಲ. ಪಾಂಡಾಸ್‌ನಲ್ಲಿ ಬೇಕಾದ ಕಾಲಂಗಳನ್ನು ಹೆಸರು ಹೇಳಿ ಕರೆಯಬಹುದು, ಮೇಲಿನ ಇಂತಿಷ್ಟು ಸಾಲು ಬಿಟ್ಟುಬಿಡು ಎನ್ನಬಹುದು. ಆದರೆ ‘ಜಿಲ್ಲೆಯ ಸಾಲು ಮಾತ್ರ ಕೊಡು’ ಎಂಬ ಅರ್ಥದ ಷರತ್ತನ್ನು ಓದುವ ಈ ಆಜ್ಞೆಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ. ಸಾಲುಗಳ ವಿಷಯದಲ್ಲಿ ಅವುಗಳಿಗೆ ತಿಳಿಯುವುದು ಸ್ಥಾನ ಮಾತ್ರ. ಅರ್ಥದ ಆಯ್ಕೆ ಓದಿ ಮುಗಿಸಿದ ಮೇಲಿನ ಕೆಲಸ.

ಹಾಗೆ ಅರ್ಧ ಶೀಟ್ ಸಾಕು ಎಂದ ಮಾತ್ರಕ್ಕೆ ಅರ್ಧ ಸಮಯ ಉಳಿಯುತ್ತದೆ ಎಂದುಕೊಳ್ಳಬೇಡಿ. ಎಕ್ಸ್‌ಎಲ್‌ಎಸ್‌ಎಕ್ಸ್ ಫೈಲಿನ ಹೆಸರಿನ ಬಾಲವನ್ನು ‘ಜಿಪ್’ ಎಂದು ಬದಲಿಸಿ ತೆರೆದು ನೋಡಿ. ಒಳಗೆ ಹತ್ತಾರು ಎಕ್ಸ್‌ಎಮ್‌ಎಲ್ ಫೈಲುಗಳು ಸಿಗುತ್ತವೆ. ಪ್ರತಿ ಶೀಟಿಗೂ ಒಂದು ಫೈಲ್, ಅಕ್ಷರದಲ್ಲಿರುವ ಪದಗಳಿಗೆಲ್ಲ ಸೇರಿ ಸಾಮಾನ್ಯವಾಗಿ ಬೇರೆಯೇ ಒಂದು ಫೈಲ್. ಶೀಟಿನಲ್ಲಿ ‘ಕೊಡಗು’ ಎಂದಿರುವ ಸೆಲ್‌ನಲ್ಲಿ ನಿಜವಾಗಿ ಇರುವುದು ಆ ಪದಗಳ ಪಟ್ಟಿಯಲ್ಲಿ ಅದರ ಕ್ರಮಸಂಖ್ಯೆ. ಎಂಬತ್ತು ಸಾವಿರನೆಯ ಸಾಲು ಬೇಕೆಂದರೂ ಮೊದಲಿನಿಂದ ಬಿಚ್ಚಿಕೊಂಡು ಹೋಗಬೇಕು. ಸಂತೆ ಚೀಲದ ತಳದಲ್ಲಿರುವ ಹುಣಸೆಹಣ್ಣು ತೆಗೆಯಲು ಮೇಲಿನ ಸೊಪ್ಪು, ತರಕಾರಿಯನ್ನೆಲ್ಲ ಹೊರಗಿಟ್ಟ ಹಾಗೆ. ಸೂತ್ರವಿರುವ ಸೆಲ್‌ನಲ್ಲಿ ಸೂತ್ರದ ಜೊತೆಗೆ ಕಳೆದ ಸಲ ಅದು ಕೊಟ್ಟ ಉತ್ತರವೂ ಇರುತ್ತದೆ. ವಿಶ್ಲೇಷಣಾ ತಂತ್ರಾಂಶ ಸಾಮಾನ್ಯವಾಗಿ ಎತ್ತಿಕೊಳ್ಳುವುದು ಆ ಹಳೆಯ ಉತ್ತರವನ್ನೇ. ಎಕ್ಸೆಲ್‌ನಲ್ಲಿ ತೆರೆದು ಒಮ್ಮೆಯೂ ಉಳಿಸದ, ಬೇರೊಂದು ಪ್ರೋಗ್ರಾಮ್ ಬರೆದಿಟ್ಟ ಫೈಲಾದರೆ ಆ ಜಾಗ ಖಾಲಿಯೇ ಇರಬಹುದು. ಪರದೆಯ ಮೇಲೆ ಅಂಕಿ ಕಾಣುತ್ತದೆ, ಒಳಗೆ ತಂದರೆ ಶೂನ್ಯವೂ ಅಲ್ಲದ ಖಾಲಿತನ!

ಸ್ಥಾನದಿಂದ ಆರಿಸುವುದೋ, ಹೆಸರಿನಿಂದ ಆರಿಸುವುದೋ? ಮುಂದಿನ ತಿಂಗಳ ಫೈಲಿನಲ್ಲಿ ಯಾರೋ ಎಡಕ್ಕೊಂದು ಹೊಸ ಕಾಲಂ ಸೇರಿಸಿರುತ್ತಾರೆ, ‘ಸಿ’ಯಲ್ಲಿದ್ದದ್ದು ‘ಡಿ’ಗೆ ಸರಿದಿರುತ್ತದೆ. ಸ್ಥಾನ ನಂಬಿದ ಆಜ್ಞೆ ತುಟಿಪಿಟಕ್ಕೆನ್ನದೆ ಬೇರೆ ಕಾಲಂ ತಂದುಕೊಡುತ್ತದೆ. ಹೆಸರು ನಂಬಿದ ಆಜ್ಞೆ ಕನಿಷ್ಠಪಕ್ಷ ‘ಅಂಥ ಕಾಲಂ ಇಲ್ಲ’ ಎಂದು ಗಲಾಟೆ ಮಾಡಿ ನಿಲ್ಲುತ್ತದೆ. ನನ್ನ ಮತ ಗಲಾಟೆ ಮಾಡುವುದಕ್ಕೆ.

ಸಾಲುಗಳ ವಿಷಯದಲ್ಲಿ ಹೆಸರೂ ಕೈಕೊಡುತ್ತದೆ. ಜನಗಣತಿಯ ಶೀಟಿನಲ್ಲಿ ‘ವಿಜಯಪುರ’ ಹುಡುಕಿದರೆ ಸಿಗುವುದಿಲ್ಲ. ಬಿಜಾಪುರ ವಿಜಯಪುರವಾದದ್ದು, ಮೈಸೂರು, ಬೆಳಗಾವಿಗಳ ಇಂಗ್ಲಿಷ್ ಕಾಗುಣಿತ ಬದಲಾದದ್ದು 2014ರ ನವೆಂಬರ್ 1ರಂದು. ಸರಿ, ‘ಬಿಜಾಪುರ’ ಎಂದೇ ಹುಡುಕೋಣ ಎಂದರೆ ಎರಡು ಜಿಲ್ಲೆ ಸಿಗುತ್ತವೆ. ಇನ್ನೊಂದು ಬಿಜಾಪುರ ಛತ್ತೀಸಗಢದ್ದು. ಹೆಸರಿಗಿಂತ ಜಿಲ್ಲೆಯ ಕೋಡ್ ಗಟ್ಟಿ: ನಮ್ಮ ಬಿಜಾಪುರ 557, ಮೈಸೂರು 577. ಆದರೂ 2021ರಲ್ಲಿ ಬಳ್ಳಾರಿಯಿಂದ ಒಡೆದು ಹುಟ್ಟಿದ ವಿಜಯನಗರಕ್ಕೆ 2011ರ ಶೀಟಿನಲ್ಲಿ ಕೋಡೂ ಇಲ್ಲ, ಸಾಲೂ ಇಲ್ಲ. ಅದರ ಜನರಲ್ಲಿ ಬಹುಪಾಲು ಬಳ್ಳಾರಿಯ ಸಾಲಿನೊಳಗೆ ಸೇರಿಹೋಗಿದ್ದಾರೆ. ಹಳೆಯ ಅಂಕಿಯನ್ನು ಹೊಸ ಜಿಲ್ಲೆಗೆ ಹೊಂದಿಸಬೇಕಾದರೆ ತಾಲ್ಲೂಕು ಮಟ್ಟದ ಫೈಲಿಗೇ ಹೋಗಬೇಕು.

ಸೂಕ್ಷ್ಮ ಇನ್ನೂ ಹೆಚ್ಚಿರುವುದು ಭಾಷೆಗಳ ಕೋಷ್ಟಕದಲ್ಲಿ, ಅಂದರೆ ಸಿ-16ರಲ್ಲಿ. ಅಲ್ಲಿ ‘ಕನ್ನಡ’ ಎಂಬುದು ಎರಡು ಬಗೆಯ ಸಾಲಿನಲ್ಲಿ ಬರುತ್ತದೆ. ಒಂದು ಭಾಷೆಯ ಗುಂಪಿನ ಒಟ್ಟು ಸಾಲು, ಅದರಲ್ಲಿ 4.37 ಕೋಟಿ ಜನ. ಅದರ ಕೆಳಗೆ ಜನ ತಾವೇ ಹೇಳಿಕೊಂಡ ಮಾತೃಭಾಷೆಗಳ ಸಾಲುಗಳು. ಅಲ್ಲಿ ಕನ್ನಡ ಇದೆ, ನೀಲಗಿರಿಯ ಬಡಗವೂ ಇದೆ. ಗುಂಪಿನ ಸಾಲು ಆರಿಸಿದರೆ ಬಡಗರು ಕನ್ನಡಿಗರ ಲೆಕ್ಕದಲ್ಲಿ ಸೇರುತ್ತಾರೆ, ಕೆಳಗಿನದನ್ನು ಆರಿಸಿದರೆ ಸೇರುವುದಿಲ್ಲ, ಎರಡನ್ನೂ ತಂದರೆ ಕನ್ನಡಿಗರು ದುಪ್ಪಟ್ಟಾಗುತ್ತಾರೆ. ಬಡಗ ಸ್ವತಂತ್ರ ಭಾಷೆಯೇ ಎಂಬ ಚರ್ಚೆಗೆ ಭಾಷಾಶಾಸ್ತ್ರಜ್ಞರು ಗ್ರಂಥಗಳನ್ನೇ ಬರೆಯುತ್ತಾರೆ. ಫೈಲ್ ತೆರೆದು ಕೂತವರು ಆ ಪ್ರಶ್ನೆಗೆ ಒಂದು ಕ್ಲಿಕ್‌ನಲ್ಲಿ, ಬಹುಪಾಲು ತಮಗೇ ಗೊತ್ತಿಲ್ಲದೆ, ಉತ್ತರ ಕೊಟ್ಟಿರುತ್ತಾರೆ.

ಸಾಲು, ಕಾಲಂ ಎರಡನ್ನೂ ಸರಿಯಾಗಿ ಆರಿಸಿದಿರಿ ಎಂದುಕೊಳ್ಳೋಣ. ಸೆಲ್‌ನ ಒಳಗಿರುವುದು ಸಂಖ್ಯೆಯೋ, ಪದವೋ, ದಿನಾಂಕವೋ ಎಂಬುದನ್ನು ನೀವು ಹೇಳದಿದ್ದರೆ ತಂತ್ರಾಂಶ ತಾನೇ ಊಹಿಸುತ್ತದೆ. ರೀಡ್‌ಎಕ್ಸ್‌ಎಲ್ ಬೇರೆ ಹೇಳದ ಹೊರತು ಮೊದಲ 1000 ಸಾಲು ನೋಡಿ ತೀರ್ಮಾನಿಸುತ್ತದೆ. ‘ಷರಾ’ ಎಂಬ ಕಾಲಂ ಆ ಸಾವಿರ ಸಾಲಿನಲ್ಲಿ ಖಾಲಿಯಿದ್ದರೆ ಅದು ಹೌದು-ಅಲ್ಲ ಬಗೆಯ ಕಾಲಂ ಎಂದು ಭಾವಿಸಿ, ಮುಂದೆ ಸಿಗುವ ಬರಹವನ್ನೆಲ್ಲ ಎಚ್ಚರಿಕೆ ಕೊಟ್ಟು ಖಾಲಿ ಮಾಡುತ್ತದೆ. ಪಾಂಡಾಸ್ ‘ಎನ್‌ಎ’ ಎಂಬ ಎರಡಕ್ಷರ ಕಂಡರೆ ಮಾಹಿತಿ ಇಲ್ಲ ಎಂದೇ ಓದುತ್ತದೆ. ನಮೀಬಿಯಾ ದೇಶದ ಅಂತರರಾಷ್ಟ್ರೀಯ ಸಂಕೇತ ಅದೇ ಎರಡಕ್ಷರ. ಆ ಪೂರ್ವನಿಯಮವನ್ನು ಬದಲಿಸದಿದ್ದರೆ ದೇಶಗಳ ಪಟ್ಟಿಯಲ್ಲಿ ನಮೀಬಿಯಾದ ಸಂಕೇತವೇ ಮಾಯ. ಸೊನ್ನೆಯಿಂದ ಶುರುವಾಗುವ ಕೋಡುಗಳು ಸಂಖ್ಯೆಯಾದ ಕೂಡಲೇ ತಲೆ ಕಳೆದುಕೊಳ್ಳುತ್ತವೆ, 080 ಎಂಬುದು 80 ಆಗುತ್ತದೆ. ಹದಿನೈದು ಅಂಕಿಗಿಂತ ಉದ್ದದ ಖಾತೆ ಸಂಖ್ಯೆಯನ್ನು ಎಕ್ಸೆಲ್‌ನಲ್ಲಿ ಸಂಖ್ಯೆಯಾಗಿ ಹೊಡೆದಿದ್ದರೆ ಹದಿನಾರನೆಯದರಿಂದ ಮುಂದಿನವು ಆಗಲೇ ಸೊನ್ನೆಯಾಗಿರುತ್ತವೆ, ಯಾವ ತಂತ್ರಾಂಶವೂ ಅವನ್ನು ಮರಳಿ ತರಲಾರದು.

ಜೀವವಿಜ್ಞಾನಿಗಳದು ಇದಕ್ಕಿಂತ ಹಳೆಯ ಗೋಳು. ‘ಮಾರ್ಚ್1’, ‘ಸೆಪ್ಟ್2’ ಎಂಬ ಹೆಸರಿನ ಜೀನ್‌ಗಳನ್ನು ಎಕ್ಸೆಲ್ ದಿನಾಂಕವೆಂದು ತಿಳಿದು ಬದಲಿಸಿಬಿಡುತ್ತಿತ್ತು. ಎಕ್ಸೆಲ್ ಪಟ್ಟಿ ಲಗತ್ತಿಸಿದ ಜೀನೋಮ್ ಪ್ರಬಂಧಗಳಲ್ಲಿ ಸುಮಾರು ಐದರಲ್ಲೊಂದು ಭಾಗ ಇಂಥ ದೋಷ ಹೊತ್ತಿದೆಯೆಂದು 2016ರ ಅಧ್ಯಯನವೊಂದು ತೋರಿಸಿತು. ಕಡೆಗೆ ಎಕ್ಸೆಲ್‌ಗಿಂತ ಮೊದಲು ಸೋತದ್ದು ಜೀನ್‌ಗಳೇ. ಮಾನವ ಜೀನ್‌ಗಳಿಗೆ ಹೆಸರಿಡುವ ಸಮಿತಿ 2020ರಲ್ಲಿ ಪ್ರಕಟಿಸಿದ ಹೊಸ ಮಾರ್ಗಸೂಚಿಯ ವೇಳೆಗೆ ಇವುಗಳ ಹೆಸರು ಬದಲಾಗಿತ್ತು.

ಕೆಲವೊಮ್ಮೆ ಆರಿಸುವವರು ಮನುಷ್ಯರೇ ಅಲ್ಲ. 2020ರ ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರವರೆಗೆ ಇಂಗ್ಲೆಂಡಿನ 15,841 ಕೋವಿಡ್ ಪ್ರಕರಣಗಳು ಬ್ರಿಟನ್ನಿನ ದೈನಂದಿನ ಲೆಕ್ಕದಿಂದ ಬಿಟ್ಟುಹೋದವು. ಪ್ರಯೋಗಾಲಯಗಳಿಂದ ಬಂದ ಫೈಲುಗಳನ್ನು ಪಬ್ಲಿಕ್ ಹೆಲ್ತ್ ಇಂಗ್ಲೆಂಡ್ ಸಂಸ್ಥೆ ಹಳೆಯ ಎಕ್ಸ್‌ಎಲ್‌ಎಸ್ ಮಾದರಿಗೆ ತುಂಬುತ್ತಿತ್ತು. ಆ ಮಾದರಿಯಲ್ಲಿ ಒಂದು ಶೀಟಿಗೆ 65,536 ಸಾಲು ಮಾತ್ರ. ಒಬ್ಬ ರೋಗಿಗೆ ಹಲವು ಸಾಲು ಹಿಡಿಯುತ್ತಿದ್ದುದರಿಂದ ಜಾಗ ಬೇಗ ಮುಗಿಯಿತು, ಮಿಕ್ಕವರು ಹೊರಗುಳಿದರು. ಪಾಸಿಟಿವ್ ಎಂದು ಅವರಿಗೆ ತಿಳಿಸಲಾಗಿತ್ತು, ಆದರೆ ಅವರ ಸಂಪರ್ಕದಲ್ಲಿದ್ದವರನ್ನು ಹುಡುಕುವ ಕೆಲಸ ದಿನಗಟ್ಟಲೆ ತಡವಾಯಿತು. 2007ರಿಂದಲೇ ಎಕ್ಸೆಲ್‌ನಲ್ಲಿ 10,48,576 ಸಾಲುಗಳ ಹೊಸ ಮಾದರಿ ಇತ್ತು.

ಬಚ್ಚಿಟ್ಟ ಸಾಲುಗಳದ್ದು ಇದರ ತಿರುವುಮುರುವು. ಎಕ್ಸೆಲ್‌ನಲ್ಲಿ ‘ಹೈಡ್’ ಮಾಡಿದ ಸಾಲು ಪರದೆಯಿಂದ ಮರೆಯಾದರೂ ಫೈಲಿನಲ್ಲಿ ಇದ್ದೇ ಇರುತ್ತದೆ. ಆರ್, ಪಾಂಡಾಸ್‌ಗಳು ಅದನ್ನೂ ಎತ್ತಿಕೊಂಡು ಬರುತ್ತವೆ. ಫಿಲ್ಟರ್ ಹಾಕಿ ತೋರಿಸಿದ ಶೀಟಿಗೂ ಇದೇ ಗತಿ. 2008ರ ಸೆಪ್ಟೆಂಬರಿನಲ್ಲಿ ದಿವಾಳಿಯೆದ್ದ ಲೀಮನ್ ಬ್ರದರ್ಸ್‌ನ ಆಸ್ತಿಯನ್ನು ಬಾರ್ಕ್ಲೇಸ್ ಕೊಳ್ಳುವಾಗ, ಬೇಡವೆಂದು ಬಚ್ಚಿಟ್ಟಿದ್ದ 179 ಒಪ್ಪಂದಗಳು ಎಕ್ಸೆಲ್‌ನಿಂದ ಪಿಡಿಎಫ್‌ಗೆ ಬದಲಿಸುವಾಗ ಮತ್ತೆ ಕಾಣಿಸಿಕೊಂಡು ನ್ಯಾಯಾಲಯಕ್ಕೆ ಸಲ್ಲಿಸಿದ ಪಟ್ಟಿಯಲ್ಲಿ ಸೇರಿಬಿಟ್ಟವು. ಬಣ್ಣಕ್ಕೂ ಅಷ್ಟೇ ಬೆಲೆ. ಅನುಮಾನವಿರುವ ಸೆಲ್‌ಗಳಿಗೆ ಹಳದಿ ಬಳಿದು ‘ಹಳದಿಯವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ’ ಎಂದು ಬಾಯಲ್ಲಿ ಹೇಳುವುದು ನಮ್ಮ ಕಚೇರಿಗಳ ಪದ್ಧತಿ. ಒಳಗೆ ತರುವಾಗ ಹಳದಿ ಬರುವುದಿಲ್ಲ, ಅನುಮಾನದ ಸಂಖ್ಯೆ ಮಾತ್ರ ಠಾಕುಠೀಕಾಗಿ ಬರುತ್ತದೆ. ಮರ್ಜ್ ಮಾಡಿದ ಸೆಲ್‌ಗಳಲ್ಲಿ ಜಿಲ್ಲೆಯ ಹೆಸರು ಮೊದಲ ಸಾಲಿಗೆ ಅಂಟಿಕೊಂಡು, ಕೆಳಗಿನ ತಾಲ್ಲೂಕುಗಳೆಲ್ಲ ಅನಾಥವಾಗುತ್ತವೆ.

ಕನ್ನಡದ ಫೈಲುಗಳಲ್ಲಿ ರೂಪ ಬಿಟ್ಟುಹೋದರೆ ಅರ್ಥವೇ ಬಿಟ್ಟುಹೋಗುತ್ತದೆ. ಯುನಿಕೋಡ್ ರೂಢಿಗೆ ಬರುವ ಮುನ್ನ ನುಡಿ, ಬರಹ ಮೊದಲಾದ ತಂತ್ರಾಂಶಗಳಲ್ಲಿ ತಯಾರಾದ ಶೀಟುಗಳು ಇನ್ನೂ ಬಳಕೆಯಲ್ಲಿವೆ. ಅವುಗಳಲ್ಲಿ ‘ಕ’ ಎಂಬ ಅಕ್ಷರವೇ ಇಲ್ಲ. ಇಂಗ್ಲಿಷ್ ಮತ್ತಿತರ ಯುರೋಪಿಯನ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಬರೆದಿಟ್ಟ ಫಾಂಟ್ ಇದೆ. ಫಾಂಟ್ ಇರುವವರೆಗೆ ಕಣ್ಣಿಗೆ ಕನ್ನಡ, ವಿಶ್ಲೇಷಣಾ ತಂತ್ರಾಂಶಕ್ಕೆ ತಂದ ಕೂಡಲೇ ಫಾಂಟ್ ಕಳಚಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸರಮಾಲೆ. ಯುನಿಕೋಡ್‌ಗೆ ಬದಲಿಸುವ ಪರಿವರ್ತಕಗಳೇನೋ ಇವೆ. ಆದರೆ ಒಂದೇ ಶೀಟಿನಲ್ಲಿ ಒಂದು ಕಾಲಂ ನುಡಿ, ಇನ್ನೊಂದು ಅಪ್ಪಟ ಇಂಗ್ಲಿಷ್, ಮತ್ತೊಂದು ಯುನಿಕೋಡ್ ಇದ್ದಾಗ ಪರಿವರ್ತಕವನ್ನು ಇಡೀ ಶೀಟಿನ ಮೇಲೆ ಹರಿಸಿದರೆ ಇಂಗ್ಲಿಷ್ ಹೆಸರುಗಳು ವಿಚಿತ್ರ ಕನ್ನಡವಾಗಿಬಿಡುತ್ತವೆ. ಇಲ್ಲಿ ಆಯ್ಕೆಯ ಆಧಾರ ಸ್ಥಾನವೂ ಅಲ್ಲ, ಹೆಸರೂ ಅಲ್ಲ, ಫಾಂಟ್. ಪೈಥಾನ್‌ನ ‘ಓಪನ್‌ಪೈಎಕ್ಸ್‌ಎಲ್’ ಪ್ರತಿ ಸೆಲ್‌ನ ಫಾಂಟ್ ಯಾವುದೆಂದು ಹೇಳಬಲ್ಲದು. ನುಡಿ ಫಾಂಟ್ ಇರುವ ಸೆಲ್‌ಗಳನ್ನು ಮಾತ್ರ ಹೆಕ್ಕಿ ಪರಿವರ್ತಿಸಿ, ಉಳಿದದ್ದನ್ನು ಹಾಗೇ ಬಿಡಬಹುದು. ರೂಪ ಬೇಡ, ಅಂಕಿ ಸಾಕು ಎಂದು ಎಲ್ಲೆಡೆ ಬೋಧಿಸುವ ಪಠ್ಯಪುಸ್ತಕಗಳು ಹಳೆಯ ಕನ್ನಡ ಫೈಲನ್ನು ಕಂಡಿಲ್ಲ.

ಸಾಲುಗಳ ಆಯ್ಕೆ ಜಗತ್ತಿನ ಆರ್ಥಿಕ ನೀತಿಯ ಚರ್ಚೆಯವರೆಗೂ ಹೋದ ಪ್ರಸಂಗ ಒಂದಿದೆ. 2010ರಲ್ಲಿ ಹಾರ್ವರ್ಡ್‌ನ ಕೆನೆತ್ ರೋಗಾಫ್ ಮತ್ತು ಸಹಲೇಖಕಿ ಕಾರ್ಮೆನ್ ರೈನ್‌ಹಾರ್ಟ್ ಒಂದು ಪ್ರಬಂಧ ಪ್ರಕಟಿಸಿದರು. ದೇಶವೊಂದರ ಸಾರ್ವಜನಿಕ ಸಾಲ ಜಿಡಿಪಿಯ ಶೇ. 90 ದಾಟಿದರೆ ಬೆಳವಣಿಗೆ ಕುಸಿಯುತ್ತದೆ, ಮುಂದುವರಿದ ದೇಶಗಳಲ್ಲಿ ಅದರ ಸರಾಸರಿ ಶೇ. ಮೈನಸ್ 0.1 ಎಂದು ಅದರಲ್ಲಿತ್ತು. ಸರ್ಕಾರದ ಖರ್ಚಿಗೆ ಕತ್ತರಿ ಹಾಕಬೇಕೆನ್ನುವವರ ಬಾಯಲ್ಲಿ ಆ 90 ಎಂಬ ಸಂಖ್ಯೆ ಮಂತ್ರವಾಯಿತು. ಆಮ್‌ಹರ್ಸ್ಟ್‌ನ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಥಾಮಸ್ ಹರ್ನ್‌ಡನ್ ತರಗತಿಯ ಅಭ್ಯಾಸಕ್ಕೆಂದು ಅದೇ ಲೆಕ್ಕವನ್ನು ಮತ್ತೆ ಮಾಡಲು ಹೊರಟರೆ ಹೊಂದಲೇ ಇಲ್ಲ. ಲೇಖಕರನ್ನೇ ಕೇಳಿ ಅವರ ಎಕ್ಸೆಲ್ ಶೀಟನ್ನು ತರಿಸಿಕೊಂಡರು. ಸರಾಸರಿಯ ಸೆಲ್ ಮೇಲೆ ಕ್ಲಿಕ್ಕಿಸಿದರೆ ಸೂತ್ರ ಎಲ್30ರಿಂದ ಎಲ್44ರವರೆಗೆ ಮಾತ್ರ ಇತ್ತು. ದೇಶಗಳು ಎಲ್49ರವರೆಗೆ ಇದ್ದವು. ಪಟ್ಟಿ ಅಕ್ಷರಾನುಕ್ರಮದ ತಿರುವುಮುರುವಾಗಿ ಸಾಗಿದ್ದರಿಂದ ಕೊನೆಯ ಡೆನ್ಮಾರ್ಕ್, ಕೆನಡಾ, ಬೆಲ್ಜಿಯಂ, ಆಸ್ಟ್ರಿಯಾ, ಆಸ್ಟ್ರೇಲಿಯಾ ಹೊರಗುಳಿದಿದ್ದವು.

2013ರಲ್ಲಿ ಹರ್ನ್‌ಡನ್ ತಮ್ಮ ಅಧ್ಯಾಪಕರಾದ ಮೈಕೆಲ್ ಆಶ್, ರಾಬರ್ಟ್ ಪೋಲಿನ್ ಜೊತೆ ಸೇರಿ ಇದನ್ನು ಪ್ರಕಟಿಸಿದಾಗ ಪತ್ರಿಕೆಗಳು ಎತ್ತಿಕೊಂಡದ್ದು ಈ ಐದು ಸಾಲುಗಳನ್ನೇ. ಆ ಸೂತ್ರದ ತಪ್ಪನ್ನು ರೈನ್‌ಹಾರ್ಟ್, ರೋಗಾಫ್ ಒಪ್ಪಿಕೊಂಡರು. ಆದರೆ ಮೂವರ ಲೆಕ್ಕದಲ್ಲಿ ಸರಾಸರಿ ಮೈನಸ್ 0.1ರಿಂದ 2.2ಕ್ಕೆ ಏರಿತ್ತು, ಅದರಲ್ಲಿ ಈ ತಪ್ಪಿನ ಪಾಲು ಸುಮಾರು 0.3 ಮಾತ್ರ. ಉಳಿದದ್ದರಲ್ಲಿ ಹೆಚ್ಚಿನ ಪಾಲು, ಯಾವ ವರ್ಷಗಳು ಲೆಕ್ಕಕ್ಕೆ ಬಂದವು ಮತ್ತು ಪ್ರತಿ ದೇಶಕ್ಕೆ ಎಷ್ಟು ತೂಕ ಸಿಕ್ಕಿತು ಎಂಬುದರದ್ದು. ನ್ಯೂಜಿಲೆಂಡಿಗೆ ಸಾಲ ಶೇ. 90 ದಾಟಿದ ಐದು ವರ್ಷಗಳಿದ್ದವು. 1946ರಿಂದ 1949ರವರೆಗಿನ ನಾಲ್ಕರಲ್ಲಿ ಬೆಳವಣಿಗೆ ಕ್ರಮವಾಗಿ 7.7, 11.9, ಮೈನಸ್ 9.9, 10.8. ಆ ನಾಲ್ಕೂ ಲೆಕ್ಕದಲ್ಲಿ ಇರಲಿಲ್ಲ. ಬೇಕೆಂದೇ ಬಿಟ್ಟದ್ದಲ್ಲ ಎಂದು ಲೇಖಕರು ಉತ್ತರಿಸಿದರು. ಉಳಿದದ್ದು 1951 ಒಂದೇ, ಅದರ ಬೆಳವಣಿಗೆ ಮೈನಸ್ 7.6. ಐದೂ ಸೇರಿದ್ದರೆ ದೇಶದ ಸರಾಸರಿ 2.6 ಆಗುತ್ತಿತ್ತು. ಆ ಒಂದು ವರ್ಷಕ್ಕೆ ಬ್ರಿಟನ್ನಿನ ಹತ್ತೊಂಬತ್ತು ವರ್ಷಗಳಷ್ಟೇ ತೂಕವೂ ಸಿಕ್ಕಿತ್ತು. ಸೂತ್ರವನ್ನು ಎಲ್49ರವರೆಗೆ ಎಳೆದಿದ್ದರೂ ನ್ಯೂಜಿಲೆಂಡಿನ ಸಾಲಿನಲ್ಲಿ ಆಗಲೂ ಆ ಒಂದೇ ವರ್ಷ ಇರುತ್ತಿತ್ತು.